ಯಂತ್ರ ಹಾರಿಸುವಾಗ ಪೈಲಟ್‌ಗೆ ಏನು ಕೆಲಸ?

ಗಲ್ಫ್‌ನಿಂದ ರಜೆಗೆ ಬಂದವರು ಊರಿನಲ್ಲಿ ವಿಮಾನದ ಸುದ್ದಿ ತೆಗೆದರೆ ಒಂದು ಮಾತು ಬಂದೇ ಬರುತ್ತದೆ. “ಈಗೆಲ್ಲ ವಿಮಾನವನ್ನು ಕಂಪ್ಯೂಟರೇ ಹಾರಿಸುತ್ತದೆ, ಪೈಲಟ್ ಸುಮ್ಮನೆ ಕೂತಿರುತ್ತಾನೆ.” ಎಲ್ಲಾದರೂ ವಿಮಾನ ಬಿದ್ದ ಸುದ್ದಿ ಬಂದರೆ ಅದೇ ಬಾಯಿಗಳು “ಪೈಲಟ್ ತಪ್ಪು ಮಾಡಿರಬೇಕು” ಎನ್ನುತ್ತವೆ. ಹಾರಿಸುವುದು ಯಂತ್ರವಾದರೆ ತಪ್ಪು ಪೈಲಟ್‌ನದು ಹೇಗಾಯಿತು ಎಂದು ಕೇಳುವವರು ಕಡಿಮೆ.

ಆದರೆ ಕೇಳಬೇಕಾದ ಪ್ರಶ್ನೆ ಅದೇ. ಕಳೆದ ಐವತ್ತು ವರ್ಷಗಳಲ್ಲಿ ನಡೆದ ಕೆಲವು ದೊಡ್ಡ ವಿಮಾನ ದುರಂತಗಳ ತನಿಖಾ ವರದಿಗಳನ್ನು ನೋಡಿದರೆ, ಎಂಜಿನ್ ಸರಿಯಾಗಿತ್ತು, ರೆಕ್ಕೆ ಸರಿಯಾಗಿತ್ತು, ಪೈಲಟ್‌ಗಳೂ ಅನುಭವಿಗಳೇ. ಯಂತ್ರ ಆ ಕ್ಷಣದಲ್ಲಿ ಏನು ಮಾಡುತ್ತಿದೆ ಎಂಬುದು ಮಾತ್ರ ಅದನ್ನು ನೋಡಿಕೊಳ್ಳಬೇಕಾದವರ ಗಮನಕ್ಕೆ ಬಂದಿರಲಿಲ್ಲ. ಅಂಥ ಒಂದು ದುರಂತ ಬೆಂಗಳೂರಿನಲ್ಲೇ ನಡೆದಿದೆ.

ಆಟೋಪೈಲಟ್ ಎಂದರೇನು?

ಆಟೋಪೈಲಟ್ ಹೊಸದೇನೂ ಅಲ್ಲ. 1914ರಲ್ಲಿ ಅಮೆರಿಕದ ಲಾರೆನ್ಸ್ ಸ್ಪೆರಿ ಎಂಬ ಯುವಕ ಪ್ಯಾರಿಸ್ ಬಳಿ ಸೇನ್ ನದಿಯ ಮೇಲೆ ವಿಮಾನ ಹಾರಿಸುತ್ತ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದ. ಅವನ ಮೆಕ್ಯಾನಿಕ್ ರೆಕ್ಕೆಯ ಮೇಲೆ ಹೋಗಿ ನಿಂತರೂ ವಿಮಾನ ವಾಲಲಿಲ್ಲ. ಬುಗುರಿಯಂತೆ ತಿರುಗುವ ಗೈರೋಸ್ಕೋಪ್ ಎಂಬ ಸಾಧನ ವಿಮಾನವನ್ನು ಸಮತೋಲದಲ್ಲಿ ಹಿಡಿದಿತ್ತು.

ಈಗಿನ ವಿಮಾನಗಳಲ್ಲಿ ಈ ಕೆಲಸವನ್ನು ಕಂಪ್ಯೂಟರ್‌ಗಳು ಮಾಡುತ್ತವೆ. ಇಷ್ಟು ಎತ್ತರದಲ್ಲಿರು, ಈ ದಿಕ್ಕಿಗೆ ಹೋಗು, ನಿಮಿಷಕ್ಕೆ ಇಷ್ಟು ಅಡಿಯಂತೆ ಇಳಿ ಎಂದು ಪೈಲಟ್ ಗುಂಡಿ ತಿರುಗಿಸಿ ಹೇಳಿದರೆ ಆಟೋಪೈಲಟ್ ಹಾಗೆಯೇ ಮಾಡುತ್ತದೆ. ಎಂಜಿನ್‌ನ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡಲು ಬೇರೆಯೇ ವ್ಯವಸ್ಥೆಯಿದೆ. ಅದಕ್ಕೆ ಆಟೋ ಥ್ರಸ್ಟ್ ಅಥವಾ ಆಟೋ ಥ್ರಾಟಲ್ ಎನ್ನುತ್ತಾರೆ. ಸಾಮಾನ್ಯವಾಗಿ ನೆಲದಿಂದ ಮೇಲೇಳುವಾಗ ಪೈಲಟ್ ಕೈಯಲ್ಲೇ ಹಾರಿಸುತ್ತಾರೆ. ಇಳಿಯುವಾಗಲೂ ಹೆಚ್ಚಿನ ಸಲ ಕೊನೆಯ ಹಂತ ಅವರ ಕೈಯಲ್ಲೇ ಇರುತ್ತದೆ. ದಟ್ಟ ಮಂಜಿನಲ್ಲಿ ಆಟೋಪೈಲಟ್ ತಾನೇ ಇಳಿಸುವುದೂ ಉಂಟು. ಅದಕ್ಕೆ ವಿಮಾನ, ರನ್‌ವೇ, ಪೈಲಟ್ ಮೂರಕ್ಕೂ ಬೇರೆ ಅರ್ಹತೆ ಬೇಕು.

ರೈತರಿಗೆ ಇದು ಅರ್ಥವಾಗದ ವಿಷಯವಲ್ಲ. ರಾತ್ರಿ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿ ಓಡಲಿ ಎಂದು ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಆಟೋಗೆ ಹಾಕಿ ಮಲಗುವವರು ಎಷ್ಟೋ ಮಂದಿ. ಕರೆಂಟು ಬರುತ್ತದೆ, ಮೋಟಾರು ಓಡುತ್ತದೆ. ಆದರೆ ಪೈಪು ಕಳಚಿ ಬಿದ್ದಿದ್ದರೆ ಬೆಳಗಿನ ತನಕ ನೀರು ಪಕ್ಕದವನ ಹೊಲಕ್ಕೆ ಹರಿದಿರುತ್ತದೆ. ಮೋಟಾರು ಕೆಟ್ಟಿಲ್ಲ, ಸ್ಟಾರ್ಟರೂ ಕೆಟ್ಟಿಲ್ಲ. ಓಡು ಎಂದರೆ ಓಡಿತು. ನೀರು ಎಲ್ಲಿಗೆ ಹೋಗುತ್ತಿದೆ ಎಂದು ನೋಡುವ ಕಣ್ಣು ಅದಕ್ಕಿಲ್ಲ, ಆ ಕೆಲಸ ರೈತನದೇ. ವಿಮಾನದಲ್ಲಿಯೂ ಲೆಕ್ಕ ಇದೇ. ವ್ಯತ್ಯಾಸವೆಂದರೆ ಅಲ್ಲಿ ಬೆಳಗಿನ ತನಕ ಸಮಯವಿರುವುದಿಲ್ಲ.

ಬೆಂಗಳೂರು, 14 ಫೆಬ್ರವರಿ 1990

ಅಂದು ಮುಂಬೈಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೇ ನಂಬರಿನ ವಿಮಾನ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿತ್ತು. ಏರ್‌ಬಸ್ ಎ320 ಮಾದರಿಯ ವಿಮಾನ. ಕಂಪನಿಯ ಕೈಗೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಬಿಸಿಲಿತ್ತು, ರನ್‌ವೇ ಕಣ್ಣಿಗೆ ಕಾಣುತ್ತಿತ್ತು. ಪ್ರಯಾಣಿಕರು, ಸಿಬ್ಬಂದಿ ಸೇರಿ 146 ಮಂದಿ ಇದ್ದರು.

ಕಾಕ್‌ಪಿಟ್‌ನಲ್ಲಿ ಇದ್ದವರು ಇಬ್ಬರು ಹಿರಿಯ ಪೈಲಟ್‌ಗಳು. ಒಬ್ಬರು ಈ ಹೊಸ ಮಾದರಿಯ ವಿಮಾನಕ್ಕೆ ಕ್ಯಾಪ್ಟನ್ ಆಗಲು ಪರೀಕ್ಷೆಯ ಹಾರಾಟ ನಡೆಸುತ್ತಿದ್ದರು. ಪಕ್ಕದಲ್ಲಿದ್ದವರು ಪರೀಕ್ಷಕರು.

ಇಳಿಯುವ ಹಾದಿಯಲ್ಲಿ ಆಗಿರಬಹುದಾದದ್ದು ಇಷ್ಟು. ನಿಮಿಷಕ್ಕೆ 700 ಅಡಿಯಂತೆ ಇಳಿಯಲು ಒಂದು ಗುಂಡಿಯನ್ನು ತಿರುಗಿಸಬೇಕಿತ್ತು. ಅದರ ಬದಲಿಗೆ ಎತ್ತರವನ್ನು ಗೊತ್ತುಪಡಿಸುವ ಇನ್ನೊಂದು ಗುಂಡಿಯನ್ನು 700ಕ್ಕೆ ತಿರುಗಿಸಿರುವ ಸಾಧ್ಯತೆಯಿದೆ ಎಂದು ತನಿಖೆಯಲ್ಲಿ ಚರ್ಚೆಯಾಯಿತು. ಬೆಂಗಳೂರು ಇರುವುದೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿ. ಎಂದರೆ ಯಂತ್ರಕ್ಕೆ ಸಿಕ್ಕ ಗುರಿ ನೆಲಕ್ಕಿಂತಲೂ ಕೆಳಗಿನದು! ಯಂತ್ರ ಪ್ರಶ್ನೆ ಕೇಳಲಿಲ್ಲ. ಕೆಳಕ್ಕೆ ಇಳಿಯುವುದಾದರೆ ಎಂಜಿನ್ ಶಕ್ತಿ ಬೇಡ ಎಂದು ಎರಡೂ ಎಂಜಿನ್‌ಗಳನ್ನು ಐಡಲ್‌ಗೆ ತಂದಿಟ್ಟಿತು. ಲಾರಿ ನ್ಯೂಟ್ರಲ್‌ನಲ್ಲಿ ಘಾಟಿ ಇಳಿದ ಹಾಗೆ. ಈ ಸ್ಥಿತಿಗೆ ಐಡಲ್ ಓಪನ್ ಡಿಸೆಂಟ್ ಎಂದು ಹೆಸರು.

ಘಾಟಿ ಇಳಿಯುವ ಲಾರಿಗೆ ವೇಗ ಏರುವುದು ಚಿಂತೆ. ವಿಮಾನದ ಚಿಂತೆ ಉಲ್ಟಾ. ಎಂಜಿನ್ ಶಕ್ತಿಯಿಲ್ಲದೆ ಮೂತಿ ಎತ್ತುತ್ತ ಹೋದರೆ ವೇಗ ಕುಸಿಯುತ್ತದೆ, ವೇಗ ಕುಸಿದರೆ ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಸಾಲದಾಗುತ್ತದೆ. ಇರಬೇಕಾದ ವೇಗ 132 ನಾಟ್, ಎಂದರೆ ಗಂಟೆಗೆ ಸುಮಾರು 244 ಕಿ.ಮೀ. ಕೊನೆಯಲ್ಲಿ ಅದು ಸುಮಾರು 25 ನಾಟ್‌ನಷ್ಟು ಕೆಳಗೆ ಬಿದ್ದಿತ್ತು. ವೇಗ ಕಾಯುವ ಕೆಲಸ ಆಟೋ ಥ್ರಸ್ಟ್‌ನದು ಎಂಬ ನಂಬಿಕೆಯಿತ್ತು. ಅದು ಆ ಕೆಲಸ ಬಿಟ್ಟು ಬೇರೆ ಕೆಲಸದಲ್ಲಿತ್ತು.

ಇಲ್ಲಿಯೂ ಸರಿಪಡಿಸಲು ದಾರಿಯಿತ್ತು. ಇಬ್ಬರ ಮುಂದೆಯೂ ಇರುವ ಫ್ಲೈಟ್ ಡೈರೆಕ್ಟರ್ ಎಂಬ ಸೂಚಕಗಳನ್ನು ಆರಿಸಿದ್ದರೆ ಆಟೋ ಥ್ರಸ್ಟ್ ತಾನಾಗಿ ವೇಗ ಕಾಯುವ ಕೆಲಸಕ್ಕೆ ಮರಳುತ್ತಿತ್ತು. ಆದರೆ ಎರಡನ್ನೂ ಆರಿಸಬೇಕು. ಒಬ್ಬರ ಕಡೆಯದು ಆರಿತು, ಇನ್ನೊಬ್ಬರ ಕಡೆಯದು ಉಳಿಯಿತು. ಐಡಲ್‌ನಲ್ಲೇ ಇಳಿಯುತ್ತಿದ್ದೇವೆ ಎಂಬ ಮಾತೂ ಅವರ ನಡುವೆ ಬಂದಿತ್ತು. ಎಂದರೆ ಯಂತ್ರದ ಸ್ಥಿತಿ ಅವರಿಗೆ ಗೊತ್ತಾಗಿತ್ತು. ಅದರಿಂದ ಏನಾಗುತ್ತದೆ ಎಂಬುದರ ಗಾಂಭೀರ್ಯ ಮಾತ್ರ ಹೊತ್ತಿಗೆ ಸರಿಯಾಗಿ ಹೊಳೆಯಲಿಲ್ಲ. ನೆಲ 400 ಅಡಿ, 300 ಅಡಿ, 200 ಅಡಿ ಎಂದು ಯಂತ್ರದ ಧ್ವನಿ ಎಣಿಸುತ್ತಿತ್ತು. ಥ್ರಾಟಲ್ ಹಿಡಿಕೆಯನ್ನು ಮುಂದಕ್ಕೆ ತಳ್ಳಿದ್ದರೆ ಸಾಕಿತ್ತು.

ತಳ್ಳುವ ಹೊತ್ತಿಗೆ ತಡವಾಗಿತ್ತು. ಜೆಟ್ ಎಂಜಿನ್ ಐಡಲ್‌ನಿಂದ ಪೂರ್ಣ ಶಕ್ತಿಗೆ ಏರಲು ಕೆಲವು ಸೆಕೆಂಡ್ ಬೇಕು. ಆ ಸೆಕೆಂಡ್‌ಗಳು ಉಳಿದಿರಲಿಲ್ಲ. ಅಟ್ಟ ಮೇಲೆ ಒಲೆ ಉರಿದಂತಾಯಿತು. ವಿಮಾನ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿ, ಪುಟಿದು, ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. 92 ಮಂದಿ ಸತ್ತರು. 54 ಮಂದಿ ಉಳಿದರು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರು ತನಿಖೆ ನಡೆಸಿದರು. ಐಡಲ್ ಓಪನ್ ಡಿಸೆಂಟ್‌ನಲ್ಲಿರುವುದು ತಿಳಿದಿದ್ದರೂ, ಎತ್ತರದ ಎಚ್ಚರಿಕೆಗಳು ಬಂದರೂ, ಪರಿಸ್ಥಿತಿಯ ಗಾಂಭೀರ್ಯವನ್ನು ಅರಿತು ಕೂಡಲೇ ಥ್ರಾಟಲ್ ಮುಂದಕ್ಕೆ ತಳ್ಳದೆ ಹೋದದ್ದೇ ಕಾರಣ ಎಂಬುದು ತೀರ್ಮಾನದ ಸಾರಾಂಶ. ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎಲ್ಲ ಎ320 ವಿಮಾನಗಳನ್ನೂ ತಿಂಗಳುಗಟ್ಟಲೆ ನೆಲದಲ್ಲೇ ನಿಲ್ಲಿಸಿತು.

ಇಬ್ಬರ ತಪ್ಪು ಎಂದು ಬರೆದು ಕಡತ ಮುಚ್ಚಿದರೆ ಅರ್ಧ ಪಾಠವಷ್ಟೇ ಕಲಿತಂತೆ. ಆ ಕಾಲಕ್ಕೆ ಎ320 ತೀರಾ ಹೊಸ ರೀತಿಯ ವಿಮಾನ. ಹಳೆಯ ಅನೇಕ ವಿಮಾನಗಳಲ್ಲಿ ಯಂತ್ರ ಎಂಜಿನ್ ಶಕ್ತಿ ಬದಲಿಸಿದರೆ ಪೈಲಟ್‌ನ ಕೈ ಕೆಳಗೆ ಹಿಡಿಕೆಯೂ ಸರಿದಾಡುತ್ತಿತ್ತು. ನೋಡದಿದ್ದರೂ ಕೈಗೆ ತಿಳಿಯುತ್ತಿತ್ತು. ಎ320ರಲ್ಲಿ ಹಿಡಿಕೆ ಅಲುಗಾಡುವುದಿಲ್ಲ. ಪರದೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿಯೇ ತಿಳಿಯಬೇಕು. ವರ್ಷಗಟ್ಟಲೆ ಕೈಯಿಂದ ಕಲಿತದ್ದನ್ನು ಕಣ್ಣಿನಿಂದ ಕಲಿಯಬೇಕಾದಾಗ ಎಡವುವುದು ಮನುಷ್ಯ ಸಹಜ.

ಅದೇ ತಪ್ಪು, ಬೇರೆ ಊರು

ಎರಡು ವರ್ಷದ ಬಳಿಕ, 20 ಜನವರಿ 1992ರ ಸಂಜೆ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಬಳಿ ಏರ್ ಇಂಟರ್ ಕಂಪನಿಯ ಎ320 ಒಂದು ಬೆಟ್ಟಕ್ಕೆ ಬಡಿಯಿತು. 96 ಮಂದಿಯಲ್ಲಿ 87 ಮಂದಿ ಸತ್ತರು. ಆ ವಿಮಾನದಲ್ಲಿ ಇಳಿಯುವ ಕೋನವನ್ನೂ ಇಳಿಯುವ ವೇಗವನ್ನೂ ತೋರಿಸಲು ಒಂದೇ ಕಿಂಡಿ ಇತ್ತು. ಕೋನಕ್ಕಾದರೆ 3.3 ಎಂದು, ವೇಗಕ್ಕಾದರೆ 33 ಎಂದು ತೋರುತ್ತಿತ್ತು. ಮೊದಲನೆಯದು 3.3 ಡಿಗ್ರಿಯ ನಯವಾದ ಇಳಿಜಾರು. ಎರಡನೆಯದು ನಿಮಿಷಕ್ಕೆ 3,300 ಅಡಿಯ ಧುಮುಕಾಟ. ಪೈಲಟ್‌ಗಳು ಒಂದನ್ನು ಕೊಟ್ಟೆವೆಂದು ತಿಳಿದು ಇನ್ನೊಂದನ್ನು ಕೊಟ್ಟಿರಬಹುದು ಎಂಬುದೇ ತನಿಖೆಯಲ್ಲಿ ಹೆಚ್ಚು ಸಂಭವನೀಯವೆಂದು ಕಂಡ ಕಾರಣ. ಮುಂದೆ ಏರ್‌ಬಸ್ ಆ ಕಿಂಡಿಯಲ್ಲಿ ವೇಗ ಪೂರ್ತಿ ನಾಲ್ಕು ಅಂಕಿಯಲ್ಲಿ ಕಾಣುವಂತೆ ಮಾಡಿತು. ಪೈಲಟ್‌ಗಳದು ಬರೀ ಅಜಾಗರೂಕತೆಯಾಗಿದ್ದರೆ ಕಿಂಡಿ ಬದಲಿಸುವ ಅಗತ್ಯವಿರುತ್ತಿರಲಿಲ್ಲ.

ಬೆಂಗಳೂರಿನ ಕಥೆ 23 ವರ್ಷದ ಬಳಿಕ ಅಮೆರಿಕದಲ್ಲೂ ಮರುಕಳಿಸಿತು. 6 ಜುಲೈ 2013ರಂದು ದಕ್ಷಿಣ ಕೊರಿಯಾದ ಏಷಿಯಾನಾ ಕಂಪನಿಯ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತಿತ್ತು. ಅಲ್ಲಿಯೂ ಹಗಲು, ನಿರ್ಮಲ ಆಕಾಶ. ವೇಗವನ್ನು ಆಟೋ ಥ್ರಾಟಲ್ ನೋಡಿಕೊಳ್ಳುತ್ತದೆ ಎಂದು ಪೈಲಟ್ ನಂಬಿದ್ದರು. ಅವರು ಒತ್ತಿದ ಗುಂಡಿಗಳ ಫಲವಾಗಿ ಅದು ವೇಗ ಕಾಯುವುದನ್ನು ನಿಲ್ಲಿಸಿತ್ತು. ವಿಮಾನದ ಬಾಲ ಸಮುದ್ರದ ಅಂಚಿನ ಕಟ್ಟೆಗೆ ಬಡಿಯಿತು. 307 ಮಂದಿಯಲ್ಲಿ ಮೂವರು ಸತ್ತರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಪೈಲಟ್‌ಗಳ ತಪ್ಪನ್ನು ಹೇಳುವುದರ ಜೊತೆಗೇ, ಈ ವ್ಯವಸ್ಥೆ ಎಷ್ಟು ಜಟಿಲವಾಗಿದೆ, ಕೈಪಿಡಿಯಲ್ಲೂ ತರಬೇತಿಯಲ್ಲೂ ಅದನ್ನು ಎಷ್ಟು ಅರೆಬರೆ ವಿವರಿಸಲಾಗಿದೆ ಎಂದೂ ಬರೆಯಿತು.

ಒಂದು ಬಲ್ಬಿನ ಹಿಂದೆ ನಾಲ್ವರು

ಯಂತ್ರ ಜಟಿಲವಾಗಿದ್ದರೆ ಮಾತ್ರ ಹೀಗಾಗುತ್ತದೆ ಎಂದೇನಿಲ್ಲ. 29 ಡಿಸೆಂಬರ್ 1972ರ ರಾತ್ರಿ ಅಮೆರಿಕದ ಮಯಾಮಿಯಲ್ಲಿ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನದಲ್ಲಿ ಮುಂದಿನ ಚಕ್ರ ಇಳಿದಿದೆ ಎಂದು ತೋರಿಸುವ ದೀಪ ಹತ್ತಲಿಲ್ಲ. 2,000 ಅಡಿಯಲ್ಲಿ ಆಟೋಪೈಲಟ್ ಹಾಕಿ ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಆ ದೀಪದ ಹಿಂದೆ ಬಿದ್ದರು. ಯಾರದೋ ಕೈ ಅಥವಾ ಮೈ ತಾಗಿ ಎತ್ತರ ಕಾಯುವ ವ್ಯವಸ್ಥೆ ಬಿಟ್ಟುಹೋಯಿತು. ವಿಮಾನ ಮೆಲ್ಲಗೆ ಇಳಿಯತೊಡಗಿತು. ಎಷ್ಟು ಮೆಲ್ಲಗೆ ಎಂದರೆ ಯಾರಿಗೂ ಗೊತ್ತಾಗಲಿಲ್ಲ. ಕೆಳಗೆ ಕತ್ತಲೆಯ ಜೌಗು ಪ್ರದೇಶ. 176 ಮಂದಿಯಲ್ಲಿ 101 ಮಂದಿ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು, ಸುಟ್ಟುಹೋಗಿದ್ದದ್ದು ಬಲ್ಬು ಮಾತ್ರ.

ಏನೇ ಗಡಿಬಿಡಿಯಿದ್ದರೂ ಒಬ್ಬರಾದರೂ ವಿಮಾನ ಹಾರಿಸುವುದನ್ನೇ ನೋಡುತ್ತಿರಬೇಕು ಎಂಬ ನಿಯಮವನ್ನು ಪೈಲಟ್ ತರಬೇತಿಯಲ್ಲಿ ಈ ದುರಂತದ ಉದಾಹರಣೆ ಕೊಟ್ಟೇ ಕಲಿಸುತ್ತಾರೆ.

ಯಂತ್ರ ಕೈ ಬಿಟ್ಟಾಗ

ಯಂತ್ರ ಇದ್ದಕ್ಕಿದ್ದಂತೆ ‘ಇನ್ನು ನೀನೇ ನೋಡಿಕೋ’ ಎಂದು ಬಿಟ್ಟುಕೊಡುವ ಸಂದರ್ಭಗಳೂ ಇವೆ. 1 ಜೂನ್ 2009ರಂದು ಬ್ರೆಜಿಲ್‌ನ ರಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447ರಲ್ಲಿ ಆದದ್ದು ಅದು. ಅಟ್ಲಾಂಟಿಕ್ ಸಾಗರದ ಮೇಲೆ, ನಡುರಾತ್ರಿ, ಮೋಡಗಳ ನಡುವೆ, ವೇಗ ಅಳೆಯುವ ಪಿಟೋ ಕೊಳವೆಗಳಲ್ಲಿ ಮಂಜಿನ ಹರಳು ಕಟ್ಟಿಕೊಂಡಿತು. ವೇಗದ ಲೆಕ್ಕ ಸಿಗದ ಆಟೋಪೈಲಟ್ ತಾನಾಗಿ ಕಳಚಿಕೊಂಡಿತು. ಕ್ಯಾಪ್ಟನ್ ವಿಶ್ರಾಂತಿಗೆ ಹೋಗಿದ್ದರು. ಕಾಕ್‌ಪಿಟ್‌ನಲ್ಲಿ ಇಬ್ಬರು ಸಹ ಪೈಲಟ್‌ಗಳಿದ್ದರು.

ವಿಮಾನವನ್ನು ಸುಮ್ಮನೆ ಇದ್ದಂತೆಯೇ ಹಿಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಒಂದು ನಿಮಿಷದೊಳಗೆ ಕೊಳವೆಗಳು ಮತ್ತೆ ಕೆಲಸ ಮಾಡತೊಡಗಿದ್ದವು. ಆದರೆ ಗಾಬರಿಯಲ್ಲಿ ಹಾರಿಸುತ್ತಿದ್ದವರು ಮೂತಿಯನ್ನು ಮೇಲಕ್ಕೆ ಎಳೆದರು, ಎಳೆಯುತ್ತಲೇ ಹೋದರು. ಗಾಳಿಗೆ ಎದುರಾಗಿ ಮೂತಿ ಅತಿಯಾಗಿ ಎದ್ದಾಗ ರೆಕ್ಕೆ ತನ್ನ ಬಲ ಕಳೆದುಕೊಳ್ಳುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಸ್ಟಾಲ್ ಎಂದು ಎಚ್ಚರಿಕೆಯ ಧ್ವನಿ ಒಮ್ಮೆ 54 ಸೆಕೆಂಡ್ ಬಿಡದೆ ಕೂಗಿತು. ಸುಮಾರು 38,000 ಅಡಿಯಿಂದ ವಿಮಾನ ಸಮುದ್ರಕ್ಕೆ ಬಿತ್ತು. ಆಟೋಪೈಲಟ್ ಕಳಚಿದ ಕ್ಷಣದಿಂದ ನೀರಿಗೆ ಬೀಳುವ ತನಕ ನಾಲ್ಕೂವರೆ ನಿಮಿಷವೂ ಆಗಿರಲಿಲ್ಲ. 228 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಸಮುದ್ರದ ತಳದಿಂದ ಬ್ಲ್ಯಾಕ್ ಬಾಕ್ಸ್ ಎತ್ತಿದ್ದು ಎರಡು ವರ್ಷದ ಬಳಿಕ, 2011ರಲ್ಲಿ.

ಅಷ್ಟು ಎತ್ತರದಲ್ಲಿ, ವೇಗದ ಮಾಪನ ಕೆಟ್ಟಾಗ ಕೈಯಿಂದ ಹಾರಿಸುವ ತರಬೇತಿ ಆ ಇಬ್ಬರಿಗೆ ಸಿಕ್ಕಿರಲಿಲ್ಲ ಎಂದು ಫ್ರಾನ್ಸ್‌ನ ತನಿಖಾ ಸಂಸ್ಥೆ ಹೇಳಿತು. ಆ ಎತ್ತರದಲ್ಲಿ ಯಾವಾಗಲೂ ಆಟೋಪೈಲಟ್ಟೇ ಹಾರಿಸುತ್ತಿತ್ತು. ಈಜು ಬರುವವನೂ ಹತ್ತು ವರ್ಷ ನೀರಿಗಿಳಿಯದೆ ಒಂದು ರಾತ್ರಿ ತುಂಬಿದ ಹೊಳೆಗೆ ಬಿದ್ದರೆ ಕೈಕಾಲು ಆಡುವುದು ಕಷ್ಟ.

ಮಂಗಳೂರು ಮತ್ತು ಕರಿಪ್ಪೂರು

ಕಾಸರಗೋಡಿನವರು ಮರೆಯಲಾಗದ ದಿನ 22 ಮೇ 2010. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗಿನ ಆರು ಗಂಟೆ ದಾಟಿದ ಹೊತ್ತಿನಲ್ಲಿ ಮಂಗಳೂರಿನ ಬಜ್ಪೆ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. 158 ಮಂದಿ ಸತ್ತರು. ಎಂಟು ಮಂದಿ ಬದುಕಿದರು. ಸತ್ತವರಲ್ಲಿ ಕಾಸರಗೋಡು ಜಿಲ್ಲೆಯವರೂ ಅನೇಕರಿದ್ದರು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿ ಹೇಳಿದ ವಿಷಯ ಹಲವರಿಗೆ ನೆನಪಿರಬಹುದು. ರಾತ್ರಿಯ ಹಾರಾಟದಲ್ಲಿ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರು. ಆ ಹೊತ್ತಿನಲ್ಲಿ ವಿಮಾನ ತನ್ನ ಪಾಡಿಗೆ ಬರುತ್ತಿತ್ತು. ಇಳಿಯುವ ಕೆಲಸಕ್ಕೆ ಎದ್ದಾಗ ನಿದ್ದೆಯ ಮಂಪರು ಪೂರ್ತಿ ಬಿಟ್ಟಿರಲಿಲ್ಲ. ಮಂಗಳೂರಿನ ರೇಡಾರ್ ಆಗ ಕೆಟ್ಟಿದ್ದರಿಂದ ಇಳಿಯಲು ಅನುಮತಿಯೂ ತಡವಾಗಿ ಸಿಕ್ಕಿತ್ತು. ವಿಮಾನ ಇರಬೇಕಾದ ಎತ್ತರದ ಸುಮಾರು ಎರಡರಷ್ಟು ಮೇಲಿತ್ತು. ಹಾಗೆ ಬಂದರೆ ಇಳಿಯದೆ ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರಬೇಕು. ಅದಕ್ಕೆ ಗೋ ಅರೌಂಡ್ ಎಂದು ಹೆಸರು. ಸಹ ಪೈಲಟ್ ಮೂರು ಸಲ ಗೋ ಅರೌಂಡ್ ಮಾಡಲು ಹೇಳಿದರು. ಎಚ್ಚರಿಕೆಯ ಯಂತ್ರವೂ ಕೂಗಿತು. ಕ್ಯಾಪ್ಟನ್ ಇಳಿದೇ ಬಿಟ್ಟರು. 8,000 ಅಡಿ ಚಿಲ್ಲರೆ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಆ ಬಳಿಕ ಮತ್ತೆ ಮೇಲೇರುವ ಪ್ರಯತ್ನ ನಡೆಯಿತು. ಫಲಿಸಲಿಲ್ಲ.

ಹತ್ತು ವರ್ಷದ ಬಳಿಕ, 7 ಆಗಸ್ಟ್ 2020ರ ಮಳೆಯ ಸಂಜೆ, ಕೋವಿಡ್ ಕಾಲದಲ್ಲಿ ದುಬೈಯಿಂದ ಜನರನ್ನು ಕರೆತಂದ ಅದೇ ಕಂಪನಿಯ ವಿಮಾನ ಕೋಯಿಕ್ಕೋಡಿನ ಕರಿಪ್ಪೂರಿನಲ್ಲಿ ಹಾಗೆಯೇ ರನ್‌ವೇ ದಾಟಿ ಕೆಳಗೆ ಬಿತ್ತು. 190 ಮಂದಿಯಲ್ಲಿ 21 ಮಂದಿ ಸತ್ತರು. ಅದೂ ಮಂಗಳೂರಿನಂತೆ ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ ಟೇಬಲ್‌ಟಾಪ್ ರನ್‌ವೇ. ಅಲ್ಲಿಯೂ ವಿಮಾನ ಅರ್ಧ ರನ್‌ವೇ ದಾಟಿದ ಮೇಲೆ ನೆಲ ಮುಟ್ಟಿತ್ತು. ಅಲ್ಲಿಯೂ ಪಕ್ಕದ ಪೈಲಟ್ ಗೋ ಅರೌಂಡ್ ಎಂದಿದ್ದರು. 2021ರಲ್ಲಿ ಬಂದ ವರದಿ ನಿಗದಿತ ಕ್ರಮವನ್ನು ಪಾಲಿಸದ್ದನ್ನೇ ಸಂಭವನೀಯ ಕಾರಣವೆಂದು ಹೇಳಿತು.

ಈ ಎರಡು ಕಡೆಯೂ ಯಂತ್ರ ಸುಳ್ಳು ಹೇಳಲಿಲ್ಲ. ಪಕ್ಕದಲ್ಲಿದ್ದವರಿಗೆ ಗೊತ್ತಾಗಿತ್ತು, ಬಾಯಿ ಬಿಟ್ಟು ಹೇಳಿಯೂ ಇದ್ದರು. ಆದರೆ ಹೇಳಿದ ಮೇಲೂ ಹಿರಿಯರ ಕೈಯಿಂದ ಹಿಡಿತ ತೆಗೆದುಕೊಳ್ಳುವುದು ಬೇರೆಯೇ ಧೈರ್ಯ ಕೇಳುತ್ತದೆ. ಹಿರಿಯರ ಮಾತಿಗೆ ಎದುರಾಡಬಾರದು ಎಂದು ಬೆಳೆಸುವ ಮನೆಗಳಿಂದಲೇ ಬಂದವರು ಪೈಲಟ್‌ಗಳೂ. ಮನೆಯಲ್ಲಿ ಅದು ಸಂಸ್ಕಾರ. ಕಾಕ್‌ಪಿಟ್‌ನಲ್ಲಿ ಅದರಿಂದ ಪ್ರಾಣ ಹೋಗಬಹುದು. ಈ ಅಂಜಿಕೆ ಭಾರತದವರಿಗೆ ಮಾತ್ರ ಇರುವುದೆಂದು ತಿಳಿಯಬೇಕಿಲ್ಲ. 27 ಮಾರ್ಚ್ 1977ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಮಂದಿ ಸತ್ತಾಗಲೂ, ಕ್ಯಾಪ್ಟನ್‌ಗೆ ಕಿರಿಯರು ಗಟ್ಟಿಯಾಗಿ ತಡೆ ಹೇಳದೆ ಹೋದದ್ದು ಚರ್ಚೆಗೆ ಬಂದಿತ್ತು.

ಎಲ್ಲ ತಪ್ಪೂ ಪೈಲಟ್‌ನದಲ್ಲ

ಹಾಗೆಂದು ಪ್ರತಿ ಸಲವೂ ಪೈಲಟ್‌ನ ಕಡೆ ಬೆರಳು ತೋರಿಸುವುದು ಅನ್ಯಾಯ. 29 ಅಕ್ಟೋಬರ್ 2018ರಂದು ಇಂಡೋನೇಷ್ಯಾದಲ್ಲಿ ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. 10 ಮಾರ್ಚ್ 2019ರಂದು ಇಥಿಯೋಪಿಯಾದಲ್ಲಿ ಅದೇ ಮಾದರಿಯ ವಿಮಾನ ಬಿದ್ದು 157 ಮಂದಿ ಸತ್ತರು. ಮೊದಮೊದಲು ಪೈಲಟ್‌ಗಳ ಸಾಮರ್ಥ್ಯವನ್ನೇ ಅನುಮಾನಿಸಿದವರಿದ್ದರು.

ವಿಮಾನದೊಳಗೆ ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಇತ್ತು. ಮೂತಿ ಹೆಚ್ಚು ಎದ್ದಿದೆ ಎಂದು ಅದಕ್ಕೆ ತೋರಿದರೆ ತಾನಾಗಿ ಕೆಳಕ್ಕೆ ಒತ್ತುತ್ತಿತ್ತು. ಅದು ನಂಬಿದ್ದು ಒಂದೇ ಒಂದು ಸೆನ್ಸರನ್ನು. ಆ ಸೆನ್ಸರ್ ತಪ್ಪು ಲೆಕ್ಕ ಕೊಟ್ಟಾಗ ಪೈಲಟ್ ಎತ್ತುತ್ತಿದ್ದರೆ ಯಂತ್ರ ಒತ್ತುತ್ತಿತ್ತು. ಲಯನ್ ಏರ್ ಪೈಲಟ್‌ಗಳಿಗೆ ಇಂಥದೊಂದು ವ್ಯವಸ್ಥೆ ಇರುವುದೇ ಗೊತ್ತಿರಲಿಲ್ಲ, ಅವರ ಕೈಪಿಡಿಯಲ್ಲಿ ಅದರ ವಿವರವೇ ಇರಲಿಲ್ಲ. ಇದೆ ಎಂದೇ ತಿಳಿಸದ ಯಂತ್ರದ ಮೇಲೆ ನಿಗಾ ಇಡುವುದು ಯಾರಿಗೆ ಸಾಧ್ಯ? ಎರಡನೆಯ ದುರಂತದ ಬಳಿಕ ಜಗತ್ತಿನಾದ್ಯಂತ ಈ ಮಾದರಿಯ ಹಾರಾಟ ನಿಲ್ಲಿಸಲಾಯಿತು. ಅಮೆರಿಕದಲ್ಲಿ ಅದಕ್ಕೆ ಮತ್ತೆ ಅನುಮತಿ ಸಿಕ್ಕಿದ್ದು ಸುಮಾರು 20 ತಿಂಗಳ ಬಳಿಕ, ನವೆಂಬರ್ 2020ರಲ್ಲಿ.

ವಿಮಾನ ಅಪಘಾತದ ತನಿಖೆ ಇರುವುದು ಯಾರನ್ನೂ ದೂರುವುದಕ್ಕಲ್ಲ, ಮುಂದಿನ ಅಪಘಾತ ತಡೆಯುವುದಕ್ಕೆ ಎಂದು ಅಂತಾರಾಷ್ಟ್ರೀಯ ನಿಯಮವೇ ಹೇಳುತ್ತದೆ. ಭಾರತದಲ್ಲಿ ಈ ಕೆಲಸಕ್ಕೆ 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋ ಎಂಬ ಪ್ರತ್ಯೇಕ ಸಂಸ್ಥೆ ಬಂದಿದೆ.

ಈಗ ಪೈಲಟ್‌ಗಳು ಏನು ಮಾಡುತ್ತಾರೆ?

ಇಷ್ಟು ಜೀವಗಳ ಬೆಲೆ ತೆತ್ತು ಕಲಿತ ಪಾಠಗಳು ದಿನನಿತ್ಯದ ಅಭ್ಯಾಸಗಳಾಗಿವೆ.

ಮೊದಲನೆಯದು, ಕೆಲಸ ಹಂಚಿಕೆ. ಇಬ್ಬರಲ್ಲಿ ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ನಿಗಾ ಇಡುತ್ತಾರೆ. ನಿಗಾ ಇಡುವವರದು ಖಾಲಿ ಕೂರುವ ಕೆಲಸವಲ್ಲ. ವೇಗ, ಎತ್ತರ, ಎಂಜಿನ್ ಮೂರರಲ್ಲಿ ಯಾವುದು ಹದ ತಪ್ಪಿದರೂ ಗಟ್ಟಿಯಾಗಿ ಹೇಳಬೇಕು.

ಎರಡನೆಯದು, ಓದಿ ಹೇಳುವುದು. ಪೈಲಟ್‌ಗಳ ಮುಂದಿನ ಪರದೆಯ ಮೇಲ್ಭಾಗದಲ್ಲಿ ಆಟೋಪೈಲಟ್ ಮತ್ತು ಆಟೋ ಥ್ರಸ್ಟ್ ಈಗ ಯಾವ ಸ್ಥಿತಿಯಲ್ಲಿವೆ ಎಂಬುದು ಅಕ್ಷರಗಳಲ್ಲಿ ಬರುತ್ತದೆ. ಅದು ಬದಲಾದಾಗ ಬಾಯಿಬಿಟ್ಟು ಓದುವುದು ಬಹಳಷ್ಟು ಕಂಪನಿಗಳಲ್ಲಿ ಕಡ್ಡಾಯ. ಗುಂಡಿ ಒತ್ತಿದ್ದೇನೆ ಎಂಬ ನಂಬಿಕೆ ಸಾಲದು, ಯಂತ್ರ ಏನು ಒಪ್ಪಿಕೊಂಡಿದೆ ಎಂದು ಓದಿ ಖಚಿತ ಮಾಡಿಕೊಳ್ಳಬೇಕು. ಬ್ಯಾಂಕಿನಲ್ಲಿ ಹಣ ಕಟ್ಟಿದ ಮೇಲೆ ರಸೀದಿ ನೋಡಿದ ಹಾಗೆ.

ಮೂರನೆಯದು, ಗಡಿ ಗೆರೆ. ನೆಲದಿಂದ 1,000 ಅಥವಾ 500 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ದಿಕ್ಕು, ಇಳಿಯುವ ದರ ಎಲ್ಲ ಹದಕ್ಕೆ ಬಂದಿರಬೇಕು. ಬಂದಿಲ್ಲವೆಂದರೆ ಚರ್ಚೆಯಿಲ್ಲ, ಗೋ ಅರೌಂಡ್. ನಿಗಾ ಇಡುವವರು ಹೇಳಿದರೂ ಅದು ಆಜ್ಞೆಯಂತೆ ನಡೆಯಬೇಕು.

ನಾಲ್ಕನೆಯದು, ಕೈಯ ಅಭ್ಯಾಸ. ಸೂಕ್ತ ಸಂದರ್ಭ ನೋಡಿ ಪೈಲಟ್‌ಗಳು ಕೈಯಿಂದಲೂ ಹಾರಿಸುತ್ತಿರಲಿ ಎಂದು ಅಮೆರಿಕದ ವಿಮಾನಯಾನ ಇಲಾಖೆ 2013ರಲ್ಲಿ ಕಂಪನಿಗಳಿಗೆ ತಿಳಿಸಿತು. ಸಿಮ್ಯುಲೇಟರ್ ಎಂಬ ಕೃತಕ ಕಾಕ್‌ಪಿಟ್‌ನಲ್ಲಿ ಸ್ಟಾಲ್‌ನಿಂದ ಹೊರಬರುವ ಅಭ್ಯಾಸಕ್ಕೂ ಏರ್ ಫ್ರಾನ್ಸ್ ದುರಂತದ ಬಳಿಕ ಹೆಚ್ಚು ಒತ್ತು ಬಂತು.

ಇವೆಲ್ಲದರ ಆಚೆಗೂ ಆಟೋಪೈಲಟ್ ಶತ್ರುವಲ್ಲ. ರಾತ್ರಿಯಿಡೀ ಒಂದೇ ಎತ್ತರ, ಒಂದೇ ದಿಕ್ಕು ಹಿಡಿದು ಹಾರಿಸುವುದರಲ್ಲಿ ಅದರ ಕೈ ಮನುಷ್ಯನ ಕೈಗಿಂತ ಸ್ಥಿರ. ದಣಿವು ಅದಕ್ಕಿಲ್ಲ. ಆ ಬಿಡುವಿನಲ್ಲಿ ಪೈಲಟ್‌ಗಳು ಹವಾಮಾನ, ಇಂಧನ, ಮುಂದಿನ ದಾರಿ ನೋಡಿಕೊಳ್ಳುತ್ತಾರೆ. ಯಂತ್ರ ಕೈಯ ಭಾರ ಇಳಿಸಿದೆ. ಗಮನದ ಭಾರವನ್ನು ಇಳಿಸಿಲ್ಲ, ಒಂದು ಲೆಕ್ಕದಲ್ಲಿ ಹೆಚ್ಚಿಸಿದೆ. ತಾನೇ ಮಾಡುವ ಕೆಲಸದಲ್ಲಿ ಎಚ್ಚರವಾಗಿರುವುದು ಸುಲಭ. ಇನ್ನೊಬ್ಬರು ಗಂಟೆಗಟ್ಟಲೆ ತಪ್ಪಿಲ್ಲದೆ ಮಾಡುವ ಕೆಲಸವನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂರುವುದು ಕಷ್ಟ.

ಪ್ರಯಾಣಿಕರಿಗೂ ಇಲ್ಲೊಂದು ಮಾತಿದೆ. ಮಂಗಳೂರಿಗೋ ಕಣ್ಣೂರಿಗೋ ಬಂದ ವಿಮಾನ ಇನ್ನೇನು ನೆಲ ಮುಟ್ಟುತ್ತದೆ ಎನ್ನುವಾಗ ಎಂಜಿನ್ ಜೋರಾಗಿ ಮೊರೆದು ಮತ್ತೆ ಮೇಲೇರಿದರೆ ಒಳಗಿದ್ದವರ ಎದೆ ಧಸಕ್ಕೆನ್ನುವುದು ಸಹಜ. “ಪೈಲಟ್‌ಗೆ ಇಳಿಸಲು ಬರಲಿಲ್ಲ” ಎಂದು ಗೊಣಗುವವರೂ, ಹೊರಗೆ ಕಾದು ನಿಂತವರಿಗೆ ತಡವಾಯಿತೆಂದು ಸಿಟ್ಟಾಗುವವರೂ ಇರುತ್ತಾರೆ. ಕಾಕ್‌ಪಿಟ್‌ನಲ್ಲಿ ಆಗ ಏನೋ ಹದವಾಗಿಲ್ಲ ಎಂದು ಒಬ್ಬರಿಗೆ ಕಂಡಿರುತ್ತದೆ, ಅವರು ಅದನ್ನು ಹೇಳಿರುತ್ತಾರೆ, ಇನ್ನೊಬ್ಬರು ಕೇಳಿರುತ್ತಾರೆ. ಬಜ್ಪೆಯಲ್ಲಿಯೂ ಕರಿಪ್ಪೂರಿನಲ್ಲಿಯೂ ಅಂದು ಆಗದೆ ಹೋದದ್ದು ಅದೇ. ಇನ್ನೊಂದು ಸುತ್ತು ಹಾಕಿ ಬರಲು ಬೇಕಾಗುವುದು ಸ್ವಲ್ಪ ಇಂಧನ, ಹತ್ತು ಹದಿನೈದು ನಿಮಿಷ.